ಹಾಸಿಗೆ ಇದ್ದಷ್ಟು ಕಾಲು ಚಾಚು: ದೂರದ ವಿಮಾನಕ್ಕೆ ಯಾವ ಕ್ಲಾಸು?



ಮುಂಬಯಿಯ ಬ್ಯಾಂಕಿನಲ್ಲಿರಲಿ, ಪುಣೆಯ ಕಾರ್ಖಾನೆಯಲ್ಲಿರಲಿ, ಹೈದರಾಬಾದಿನ ಸಾಫ್ಟ್‌ವೇರ್ ಕಂಪೆನಿಯಲ್ಲಿರಲಿ, ಚೆನ್ನೈನ ಕಾರು ತಯಾರಿಕೆಯಲ್ಲಿರಲಿ, ದೆಹಲಿಯ ಕಚೇರಿಯಲ್ಲಿರಲಿ, ನಮ್ಮವರಲ್ಲಿ ಅನೇಕರಿಗೆ ಒಂದಲ್ಲ ಒಂದು ದಿನ ಆ ಇಮೇಲ್ ಬರುತ್ತದೆ. "ಮುಂದಿನ ಸೋಮವಾರ ಫ್ರಾಂಕ್‌ಫರ್ಟ್‌ನಲ್ಲಿ ಮೀಟಿಂಗ್, ಟಿಕೆಟ್ ಮಾಡಿಸಿಕೊಳ್ಳಿ." ಖುಷಿಯಾಗುತ್ತದೆ. ಊರಿಗೆ ಫೋನ್ ಹೋಗುತ್ತದೆ. ಅಮ್ಮ ಚಕ್ಕುಲಿ, ಕೋಡುಬಳೆ ಕಳಿಸುವ ಮಾತಾಡುತ್ತಾರೆ. ಆಮೇಲೆ ಟಿಕೆಟ್ ನೋಡಲು ಕೂತಾಗ ಶುರು ನೋಡಿ ಗೊಂದಲ. ಎಕಾನಮಿ, ಪ್ರೀಮಿಯಂ ಎಕಾನಮಿ, ಬಿಸಿನೆಸ್, ಕೆಲವು ಕಡೆ ಫಸ್ಟ್. ವಿಮಾನ ಒಂದೇ, ಪೈಲಟ್ ಅವರೇ, ಎಲ್ಲರೂ ಇಳಿಯುವುದೂ ಒಂದೇ ಹೊತ್ತಿಗೆ. ದರ ಮಾತ್ರ ಒಂದಕ್ಕೆ ನಾಲ್ಕು!

ಹಾಗಾದರೆ ಹೆಚ್ಚಿಗೆ ಕೊಟ್ಟ ಆ ದುಡ್ಡಿಗೆ ನಾವು ಕೊಳ್ಳುವುದಾದರೂ ಏನನ್ನು? ಊಟವನ್ನೇ, ಗೌರವವನ್ನೇ, ಸಿನಿಮಾ ನೋಡುವ ದೊಡ್ಡ ಪರದೆಯನ್ನೇ? ಆಫೀಸಿನ ಕೆಲಸಕ್ಕೆ ಹೋಗುವವರಿಗೆ ಉತ್ತರ ಒಂದೇ: ನಿದ್ದೆ. ಇಳಿದ ದಿನ ನೆಟ್ಟಗೆ ನಿಂತು ಮಾತನಾಡುವ ತಲೆ. ಈ ಒಂದು ಮಾತನ್ನು ಹಿಡಿದುಕೊಂಡರೆ ಯಾವಾಗ ಹೆಚ್ಚು ಕೊಡಬೇಕು, ಯಾವಾಗ ಕೊಡಬಾರದು ಅನ್ನುವುದು ತಾನಾಗಿಯೇ ತಿಳಿಯುತ್ತದೆ. ಈ ಸಲದ ಸಂಚಿಕೆಯಲ್ಲಿ ಅದನ್ನೇ ಬಿಡಿಸಿ ನೋಡೋಣ.

ರಾಜಹಂಸ, ಐರಾವತ, ಅಂಬಾರಿ

ನಮ್ಮ ಕೆಎಸ್‌ಆರ್‌ಟಿಸಿ ಬಸ್ಸುಗಳನ್ನು ನೆನಪಿಸಿಕೊಳ್ಳಿ, ಅರ್ಧ ಪಾಠ ಮುಗಿದ ಹಾಗೆ. ಎಕಾನಮಿಯನ್ನು ರಾಜಹಂಸ ಅನ್ನಿ. ಪ್ರೀಮಿಯಂ ಎಕಾನಮಿಯನ್ನು ಐರಾವತ ಅನ್ನಿ. ಬಿಸಿನೆಸ್ ಕ್ಲಾಸ್ ಅಂದರೆ ಅಂಬಾರಿ ಸ್ಲೀಪರ್. ಮೊದಲ ಎರಡರಲ್ಲಿ ಕೂರಬೇಕು, ಮೂರನೆಯದರಲ್ಲಿ ಮಲಗಬಹುದು. ದೊಡ್ಡ ವ್ಯತ್ಯಾಸ ಇರುವುದೇ ಇಲ್ಲಿ.

ಎಕಾನಮಿಯಲ್ಲಿ ಒಂದು ಸೀಟಿನಿಂದ ಮುಂದಿನ ಸೀಟಿಗೆ ಇರುವ ಅಂತರ ಸಾಮಾನ್ಯವಾಗಿ 31ರಿಂದ 32 ಇಂಚು. ಸೀಟಿನ ಅಗಲ 17ರಿಂದ 18 ಇಂಚು. ಪ್ರೀಮಿಯಂ ಎಕಾನಮಿಯಲ್ಲಿ ಅಂತರ ಸುಮಾರು 38 ಇಂಚು, ಅಗಲವೂ ಒಂದೆರಡು ಇಂಚು ಹೆಚ್ಚು. ಬೆನ್ನು ಇನ್ನಷ್ಟು ಹಿಂದಕ್ಕೆ ಬಾಗುತ್ತದೆ, ಕಾಲಿಡಲು ಆಸರೆ ಇರುತ್ತದೆ, ಊಟ ಸ್ವಲ್ಪ ಮೇಲು. ಬಿಸಿನೆಸ್ ಕ್ಲಾಸಿನಲ್ಲಿ ಸೀಟು ಪೂರ್ತಿ ಚಪ್ಪಟೆಯಾಗಿ ಆರು ಅಡಿಗೂ ಮೀರಿದ ಮಂಚವಾಗುತ್ತದೆ. ಫಸ್ಟ್ ಕ್ಲಾಸ್ ಇನ್ನೂ ವೈಭವದ್ದು. ಆದರೆ ಅದು ಕೆಲವೇ ವಿಮಾನಗಳಲ್ಲಿ ಉಳಿದಿದೆ, ಆಫೀಸಿನವರು ಅದಕ್ಕೆ ದುಡ್ಡು ಕೊಡುವುದೂ ಅಪರೂಪ. ಅದನ್ನು ಇಲ್ಲಿಗೇ ಬಿಡೋಣ.

ಈ ಚಪ್ಪಟೆ ಮಂಚ ತೀರಾ ಹಳೆಯದೇನಲ್ಲ. ಬಿಸಿನೆಸ್ ಕ್ಲಾಸ್ ಎಂಬುದು ಹುಟ್ಟಿದ್ದು 1970ರ ದಶಕದ ಕೊನೆಯಲ್ಲಿ. ಆಗ ಅದು ಬರೀ ಅಗಲವಾದ ಕುರ್ಚಿ. ಬ್ರಿಟಿಷ್ ಏರ್‌ವೇಸ್ 2000ದಲ್ಲಿ ಬಿಸಿನೆಸ್ ಕ್ಲಾಸಿಗೆ ಪೂರ್ತಿ ಮಲಗುವ ಸೀಟು ತಂದ ಮೇಲೆ ಉಳಿದವರೂ ಅದೇ ದಾರಿ ಹಿಡಿಯಬೇಕಾಯಿತು. ಕುರ್ಚಿ ಮಂಚವಾದಾಗ ಅದಕ್ಕೂ ಎಕಾನಮಿಗೂ ನಡುವೆ ದೊಡ್ಡ ಕಂದಕ ಬಿತ್ತು. ಆ ಕಂದಕ ತುಂಬಲು ಬಂದದ್ದು ಪ್ರೀಮಿಯಂ ಎಕಾನಮಿ. ತೈವಾನಿನ ಇವಿಎ ಏರ್ ಮತ್ತು ಬ್ರಿಟನ್ನಿನ ವರ್ಜಿನ್ ಅಟ್ಲಾಂಟಿಕ್ 1992ರಲ್ಲೇ ಇದರ ಮಾದರಿಯನ್ನು ಶುರು ಮಾಡಿದ್ದವು. ನಮ್ಮ ದೇಶದ ಕಂಪೆನಿಗಳಲ್ಲಿ 2015ರಲ್ಲಿ ಹಾರಾಟ ಆರಂಭಿಸಿದ ವಿಸ್ತಾರ ಇದನ್ನು ಮೊದಲು ತಂದಿತು. ಆ ಕಂಪೆನಿ 2024ರ ನವೆಂಬರಿನಲ್ಲಿ ಏರ್ ಇಂಡಿಯಾದೊಳಗೆ ಸೇರಿಹೋಯಿತು.

ಒಂದು ಎಚ್ಚರಿಕೆ. "ಎಕ್ಸ್‌ಟ್ರಾ ಲೆಗ್‌ರೂಮ್" ಎಂದು ಮಾರುವ ಸೀಟು ಪ್ರೀಮಿಯಂ ಎಕಾನಮಿ ಅಲ್ಲ. ಅದು ಅದೇ ಎಕಾನಮಿ ಸೀಟು, ಅಗಲವೂ ಅಷ್ಟೇ, ಮುಂದೆ ಕಾಲಿಗೆ ಮಾತ್ರ ಜಾಗ ಜಾಸ್ತಿ. ಒಂದೊಂದು ಕಂಪೆನಿ ಒಂದೊಂದು ಚೆಂದದ ಹೆಸರು ಇಟ್ಟಿರುತ್ತದೆ. ಹೆಸರು ಬಿಡಿ, ಇಂಚು ನೋಡಿ.

ಇಷ್ಟೊಂದು ದರ ಯಾಕೆ?

ಶಾಂಪೇನು, ಗಾಜಿನ ಲೋಟ, ಬಟ್ಟೆಯ ನ್ಯಾಪ್‌ಕಿನ್ನು ಇವುಗಳಿಗೆ ಇಷ್ಟು ದುಡ್ಡು ಅಂದುಕೊಂಡಿದ್ದರೆ ಮರೆತುಬಿಡಿ. ವಿಮಾನದೊಳಗೆ ಅತಿ ದುಬಾರಿಯಾದದ್ದು ನೆಲ. ಮುಂಬಯಿಯಲ್ಲಿ ಮನೆ ಹುಡುಕಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ! ಒಬ್ಬರು ಮಲಗಲು ಬೇಕಾದ ಜಾಗದಲ್ಲಿ ಮೂರು ನಾಲ್ಕು ಎಕಾನಮಿ ಸೀಟು ಹಾಕಬಹುದು. ಆ ಮೂರು ನಾಲ್ಕು ಜನರ ದುಡ್ಡನ್ನು ನೀವೊಬ್ಬರೇ ಕೊಡಬೇಕು. ಆದ್ದರಿಂದಲೇ ಬಿಸಿನೆಸ್ ಟಿಕೆಟ್ ಎಕಾನಮಿಯ ಮೂರರಿಂದ ಐದು ಪಟ್ಟಿನ ಆಸುಪಾಸಿನಲ್ಲಿ ನಿಲ್ಲುವುದು ಸಾಮಾನ್ಯ. ಪ್ರೀಮಿಯಂ ಎಕಾನಮಿ ಒಂದೂವರೆಯಿಂದ ಎರಡು ಪಟ್ಟು. ಹಬ್ಬ, ರಜೆ, ಕೊನೇ ಗಳಿಗೆಯ ಬುಕಿಂಗ್ ಇವೆಲ್ಲ ಸೇರಿದರೆ ಈ ಲೆಕ್ಕ ಏರುಪೇರಾಗುತ್ತದೆ.

ತೆರಿಗೆಯೂ ಸೇರುತ್ತದೆ. ಎಕಾನಮಿ ಟಿಕೆಟ್ಟಿಗೆ ಜಿಎಸ್‌ಟಿ ಶೇಕಡಾ 5. ಎಕಾನಮಿ ಬಿಟ್ಟು ಉಳಿದ ಕ್ಲಾಸುಗಳಿಗೆ ಮೊದಲು ಶೇಕಡಾ 12 ಇತ್ತು. 2025ರ ಸೆಪ್ಟೆಂಬರ್ 22ರಿಂದ ಅದು ಶೇಕಡಾ 18 ಆಗಿದೆ. ಪ್ರೀಮಿಯಂ ಎಕಾನಮಿಯೂ ಈ ಶೇಕಡಾ 18ರ ಸಾಲಿನಲ್ಲೇ ಬರುತ್ತದೆ ಅನ್ನುವುದನ್ನು ಗಮನಿಸಿ. ಕಂಪೆನಿಯ ಜಿಎಸ್‌ಟಿ ನಂಬರ್ ಹಾಕಿ ವ್ಯವಹಾರಕ್ಕಾಗಿಯೇ ಟಿಕೆಟ್ ಕೊಂಡರೆ ಕಂಪೆನಿ ಆ ತೆರಿಗೆಯನ್ನು ತನ್ನ ಲೆಕ್ಕದಲ್ಲಿ ಹೊಂದಿಸಿಕೊಳ್ಳಬಹುದು. ಕೈಯಿಂದ ದುಡ್ಡು ಹಾಕಿ ಹೋಗುವ ನಮಗೆ ಆ ಭಾಗ್ಯವಿಲ್ಲ.

ಮೊದಲು ಗಡಿಯಾರ, ಆಮೇಲೆ ಸೀಟು

ಈಗ ಮುಖ್ಯ ವಿಷಯಕ್ಕೆ ಬರೋಣ. ಕ್ಲಾಸ್ ಆರಿಸುವ ಮುಂಚೆ ಕಾಗದದ ಮೇಲೆ ಮೂರು ಗಂಟೆ ಬರೆದುಕೊಳ್ಳಿ: ವಿಮಾನ ಹೊರಡುವ ಗಂಟೆ, ಇಳಿಯುವ ಗಂಟೆ, ಇಳಿದ ಮೇಲೆ ಕೆಲಸ ಶುರುವಾಗುವ ಗಂಟೆ. ಮೂರನ್ನೂ ಭಾರತದ ಸಮಯಕ್ಕೆ ಬದಲಾಯಿಸಿ. ನಿಮ್ಮ ದೇಹಕ್ಕೆ ಗೊತ್ತಿರುವುದು ಆ ಸಮಯ ಮಾತ್ರ.

ಫ್ರಾಂಕ್‌ಫರ್ಟ್ ಉದಾಹರಣೆಯನ್ನೇ ತೆಗೆದುಕೊಳ್ಳೋಣ. ಮುಂಬಯಿ, ಚೆನ್ನೈ, ಹೈದರಾಬಾದ್‌ಗಳಿಂದ ಯುರೋಪಿಗೆ ಹೋಗುವ ಬಹಳಷ್ಟು ವಿಮಾನಗಳು ಹೊರಡುವುದು ನಡುರಾತ್ರಿ ಕಳೆದ ಮೇಲೆ. ಎರಡೂವರೆಗೆ ಹೊರಟಿರಿ ಅನ್ನಿ. ಒಂಬತ್ತು ಗಂಟೆ ಹಾರಿ ಇಳಿದಾಗ ನಮ್ಮಲ್ಲಿ ಬೆಳಿಗ್ಗೆ ಹನ್ನೊಂದೂವರೆ. ಚಳಿಗಾಲದಲ್ಲಿ ಜರ್ಮನಿ ನಮಗಿಂತ ನಾಲ್ಕೂವರೆ ಗಂಟೆ ಹಿಂದೆ, ಆದ್ದರಿಂದ ಅಲ್ಲಿ ಬೆಳಿಗ್ಗೆ ಏಳು. ಹತ್ತಕ್ಕೆ ಮೀಟಿಂಗ್. ಹಿಂದಿನ ದಿನ ಬೆಳಿಗ್ಗೆ ಆರಕ್ಕೆ ಎದ್ದು, ಆಫೀಸು ಮುಗಿಸಿ, ಸೂಟ್‌ಕೇಸ್ ಕಟ್ಟಿ, ಟ್ರಾಫಿಕ್ ದಾಟಿ, ಹನ್ನೊಂದು ಗಂಟೆಗೆ ಏರ್‌ಪೋರ್ಟ್ ಮುಟ್ಟಿದ ಮನುಷ್ಯ ನೀವು. ವಿಮಾನ ಏರುವ ಹೊತ್ತಿಗೇ ಇಪ್ಪತ್ತು ಗಂಟೆ ಎದ್ದಿದ್ದಾಯಿತು. ನಿದ್ದೆ ಅಂತ ಆದರೆ ಆ ವಿಮಾನದಲ್ಲೇ ಆಗಬೇಕು, ಬೇರೆ ಜಾಗವೇ ಇಲ್ಲ.

"ಹಸಿವು ರುಚಿ ಕಾಣದು, ನಿದ್ರೆ ಸುಖ ಕಾಣದು" ಅನ್ನುತ್ತಾರೆ ಹಿರಿಯರು. ಆ ಗಾದೆ ಕಟ್ಟಿದವರು ನಡುಸೀಟಿನಲ್ಲಿ ಕೂತು ಒಂಬತ್ತು ಗಂಟೆ ಹಾರಿರಲಿಲ್ಲ! ಇಂಥ ರಾತ್ರಿ ವಿಮಾನ, ಇಳಿದ ಕೂಡಲೇ ಮುಖ್ಯವಾದ ಕೆಲಸ, ಇವೆರಡೂ ಸೇರಿದಾಗ ಬಿಸಿನೆಸ್ ಕ್ಲಾಸಿನ ಮಂಚಕ್ಕೆ ನಿಜವಾದ ಬೆಲೆ ಇದೆ.

ಈಗ ವಾಪಸು ಬರುವುದನ್ನು ನೋಡಿ. ಫ್ರಾಂಕ್‌ಫರ್ಟ್‌ನಿಂದ ಮಧ್ಯಾಹ್ನ ಒಂದು ಗಂಟೆಗೆ ಹೊರಟು, ಎಂಟು ಗಂಟೆ ಹಾರಿ ಇಳಿದಾಗ ನಮ್ಮೂರಿನಲ್ಲಿ ರಾತ್ರಿ ಒಂದೂವರೆ. ಒಂದು ವಾರ ಅಲ್ಲಿದ್ದ ನಿಮ್ಮ ದೇಹಕ್ಕೆ ಅದು ರಾತ್ರಿ ಒಂಬತ್ತು. ಅಂದರೆ ಹಾರಾಟ ಪೂರ್ತಿ ನಿಮ್ಮ ದೇಹಕ್ಕೆ ಹಗಲು. ಮಂಚ ಕೊಟ್ಟರೂ ನಿದ್ದೆ ಬರುವುದಿಲ್ಲ. ಸಿನಿಮಾ ನೋಡಿ, ವರದಿ ಬರೆದು, ಪುಸ್ತಕ ಓದಿ ಕಾಲ ಕಳೆಯಬೇಕು. ಅದಕ್ಕೆ ಎಕಾನಮಿ ಸಾಕು, ಬೆನ್ನು ನೋವಿದ್ದರೆ ಪ್ರೀಮಿಯಂ ಎಕಾನಮಿ ಧಾರಾಳ. ಉಳಿದ ದುಡ್ಡಿಗಿಂತ ದೊಡ್ಡದು ಮರುದಿನದ ಒಂದು ರಜೆ.

ಇದರ ಅರ್ಥ ಇಷ್ಟೇ: ಹೋಗುವ ಬರುವ ಎರಡಕ್ಕೂ ಒಂದೇ ಕ್ಲಾಸ್ ಇರಬೇಕೆಂಬ ಕಟ್ಟಳೆ ಇಲ್ಲ. ಹೋಗುವಾಗ ಒಂದು, ಬರುವಾಗ ಇನ್ನೊಂದು ಎಂದು ಒಂದೇ ಟಿಕೆಟ್ಟಿನಲ್ಲಿ ಬೆರೆಸಲು ದೊಡ್ಡ ವಿಮಾನ ಕಂಪೆನಿಗಳಲ್ಲಿ ಹೆಚ್ಚಿನವು ಅವಕಾಶ ಕೊಡುತ್ತವೆ.

ಅಮೆರಿಕದ ಕಥೆ ಬೇರೆ. ಮುಂಬಯಿ ಅಥವಾ ದೆಹಲಿಯಿಂದ ನ್ಯೂಯಾರ್ಕಿಗೆ ನೇರ ಹಾರಾಟವೆಂದರೆ 15-16 ಗಂಟೆ. ರಾತ್ರಿ ಎರಡಕ್ಕೆ ಹೊರಟು 16 ಗಂಟೆ ಹಾರಿದರೆ ಇಳಿಯುವಾಗ ನಮ್ಮಲ್ಲಿ ಸಂಜೆ ಆರು. ಚಳಿಗಾಲದ ಲೆಕ್ಕದಲ್ಲಿ ಅಲ್ಲಿ ಬೆಳಿಗ್ಗೆ ಏಳೂವರೆ. ಇಡೀ ಇನ್ನೊಂದು ಹಗಲು ಮುಂದೆ ಬಿದ್ದಿದೆ! ಅಲ್ಲಿ ರಾತ್ರಿ ಒಂಬತ್ತಾಗುವವರೆಗೆ ಎದ್ದಿರಬೇಕೆಂದರೆ ದಾರಿಯಲ್ಲಿ ಎರಡು ಸಲ ನಿದ್ದೆ ಮಾಡಿರಬೇಕು. ಇಂಥ ಹಾರಾಟಕ್ಕೆ ದುಡ್ಡು ಹಾಕುವ ಅವಕಾಶ ಒಂದೇ ಸಲ ಇದ್ದರೆ ಯುರೋಪಿಗಿಂತ ಇಲ್ಲಿ ಹಾಕಿ.

ದೇಹದ ಗಡಿಯಾರ ಹೊಸ ಊರಿಗೆ ಹೊಂದಿಕೊಳ್ಳುವುದು ದಿನಕ್ಕೆ ಸುಮಾರು ಒಂದು ಗಂಟೆಯಷ್ಟು. ಪಶ್ಚಿಮಕ್ಕೆ ಹೋದಾಗ ಸ್ವಲ್ಪ ಬೇಗ, ಪೂರ್ವಕ್ಕೆ ಬಂದಾಗ ಇನ್ನೂ ನಿಧಾನ. ಯಾವ ಕ್ಲಾಸಿನಲ್ಲಿ ಹೋದರೂ ಈ ಜೆಟ್ ಲ್ಯಾಗ್ ತಪ್ಪಿದ್ದಲ್ಲ. ಬಿಸಿನೆಸ್ ಕ್ಲಾಸ್ ನಿದ್ದೆಯ ಸಾಲವನ್ನು ತೀರಿಸಬಹುದು, ಗಡಿಯಾರವನ್ನು ತಿರುಗಿಸಲಾರದು.

ಇನ್ನೊಂದು ಮಾತು. ಹಾರಾಟದ ಅವಧಿಯನ್ನು ಹಳೆಯ ನೆನಪಿನ ಮೇಲೆ ಲೆಕ್ಕ ಹಾಕಬೇಡಿ. 2025ರ ಏಪ್ರಿಲಿನಲ್ಲಿ ಪಾಕಿಸ್ತಾನ ತನ್ನ ಆಕಾಶವನ್ನು ಭಾರತದ ವಿಮಾನಗಳಿಗೆ ಮುಚ್ಚಿದಾಗ ದೆಹಲಿಯಿಂದ ಪಶ್ಚಿಮಕ್ಕೆ ಹೋಗುವ ಹಾರಾಟಗಳು ಬಳಸುದಾರಿ ಹಿಡಿದು ಉದ್ದವಾದವು. ಉತ್ತರ ಅಮೆರಿಕದ ಕೆಲವು ವಿಮಾನಗಳು ಇಂಧನಕ್ಕಾಗಿ ಯುರೋಪಿನಲ್ಲಿ ನಿಂತು ಹೋಗಬೇಕಾಯಿತು. ಬುಕ್ ಮಾಡುವ ದಿನ ಟಿಕೆಟ್ಟಿನಲ್ಲಿ ಬರೆದಿರುವ ಅವಧಿಯನ್ನೇ ನಂಬಿ.

ಗಂಟೆಗೆ ಎಷ್ಟು?

ಕಾಸಿಗೆ ತಕ್ಕ ಕಜ್ಜಾಯ ಸಿಗುತ್ತದೆಯೇ ಎಂದು ತಿಳಿಯಲು ಸುಲಭದ ಲೆಕ್ಕ ಒಂದಿದೆ. ಎರಡು ಕ್ಲಾಸುಗಳ ದರದ ವ್ಯತ್ಯಾಸವನ್ನು ಹಾರಾಟದ ಗಂಟೆಗಳಿಂದ ಭಾಗಿಸಿ. ಉದಾಹರಣೆಗೆ ಹತ್ತು ಗಂಟೆಯ ಹಾರಾಟಕ್ಕೆ ಪ್ರೀಮಿಯಂ ಎಕಾನಮಿ 30,000 ರೂಪಾಯಿ ಹೆಚ್ಚು ಅಂದರೆ ಗಂಟೆಗೆ 3,000 ರೂಪಾಯಿ. ಬಿಸಿನೆಸ್ ಒಂದೂವರೆ ಲಕ್ಷ ಹೆಚ್ಚು ಅಂದರೆ ಗಂಟೆಗೆ 15,000. ಆದರೆ ಹತ್ತು ಗಂಟೆಯೂ ನಿದ್ದೆ ಸಿಗುವುದಿಲ್ಲ. ಮೇಲೇರಿದ ಮೇಲೆ ಊಟಕ್ಕೆ ಒಂದೂವರೆ ಗಂಟೆ, ಇಳಿಯುವ ಎರಡು ಗಂಟೆ ಮುಂಚೆ ದೀಪ ಹಾಕಿ ತಿಂಡಿ. ಉಳಿಯುವುದು ಸುಮಾರು ಆರು ಗಂಟೆ. ಆಗ ಬಿಸಿನೆಸ್ ಕ್ಲಾಸಿನ ನಿದ್ದೆ ಗಂಟೆಗೆ 25,000 ರೂಪಾಯಿ!

ಈ ಲೆಕ್ಕದ ಪಕ್ಕದಲ್ಲಿ ಇನ್ನೊಂದು ಲೆಕ್ಕ ಬರೆಯಿರಿ. ಎಕಾನಮಿಯಲ್ಲೇ ಒಂದು ದಿನ ಮುಂಚೆ ಹೋಗಿ ಒಂದು ರಾತ್ರಿ ಹೋಟೆಲಿನಲ್ಲಿ ಮಲಗಿದರೆ ಎಷ್ಟಾಗುತ್ತದೆ? ಬಹಳ ಊರುಗಳಲ್ಲಿ ಬಿಸಿನೆಸ್ ಟಿಕೆಟ್ಟಿನ ವ್ಯತ್ಯಾಸದ ಒಂದು ಚೂರಿಗೆ ಒಳ್ಳೆಯ ಕೋಣೆ ಸಿಗುತ್ತದೆ. ಆರರ ಬದಲು ಎಂಟು ಗಂಟೆ ನಿದ್ದೆ, ಅಲುಗಾಡದ ಹಾಸಿಗೆ, ಸ್ನಾನ, ತಿಂಡಿ, ಮೇಲೆ ಊರು ನೋಡುವ ಒಂದು ಸಂಜೆ. ಒಂದು ದಿನ ಬಿಡುವು ಇರುವವರಿಗೆ ಇದಕ್ಕಿಂತ ಒಳ್ಳೆಯ ಬೇರಸವಿಲ್ಲ. ಮಕ್ಕಳನ್ನು ಮನೆಯಲ್ಲಿ ಬಿಟ್ಟು ಹೋಗುವವರಿಗೆ, ವಾರಾಂತ್ಯ ಬಿಟ್ಟುಕೊಡಲಾಗದವರಿಗೆ ಆ ಒಂದು ದಿನವೇ ದುಬಾರಿ. ಅಂಥವರಿಗೆ ಮಂಚದ ಲೆಕ್ಕ ಬೇರೆ.

ದುಬೈ, ದೋಹಾ, ಅಬುಧಾಬಿ ಮೇಲೆ ಹೋಗುವವರು ಪ್ರತಿ ಹಾರಾಟವನ್ನೂ ಬೇರೆಯಾಗಿ ನೋಡಬೇಕು. ಮುಂಬಯಿಯಿಂದ ದುಬೈಗೆ ಮೂರೂಕಾಲು ಗಂಟೆ, ಅಲ್ಲಿಂದ ನ್ಯೂಯಾರ್ಕಿಗೆ ಸುಮಾರು 14 ಗಂಟೆ. ಮೈಲೇಜ್ ಪಾಯಿಂಟ್ ಕೂಡಿಟ್ಟುಕೊಂಡಿದ್ದರೆ, ಅಪ್‌ಗ್ರೇಡ್ ಹರಾಜಿನಲ್ಲಿ ಬೆಲೆ ಕೂಗುವುದಿದ್ದರೆ, ಆ ಉದ್ದದ ತುಂಡಿಗೆ ಮಾತ್ರ ಬಳಸಿ. ಅಗ್ಗದ ಟಿಕೆಟ್ಟುಗಳಲ್ಲಿ ಕೆಲವಕ್ಕೆ ಅಪ್‌ಗ್ರೇಡ್ ಅವಕಾಶವೇ ಇರುವುದಿಲ್ಲ, ಅದನ್ನು ಕೊಳ್ಳುವ ಮುಂಚೆ ಕೇಳಿಕೊಳ್ಳಿ. ಪುಣೆಯವರು ಮುಂಬಯಿವರೆಗಿನ ರಸ್ತೆಯ ಗಂಟೆಗಳನ್ನೂ ಪ್ರಯಾಣಕ್ಕೆ ಸೇರಿಸಿಕೊಳ್ಳಲು ಮರೆಯಬಾರದು.

ಆಫೀಸಿನಲ್ಲಿ ಕೇಳುವುದು ಹೇಗೆ?

ಅನೇಕ ಕಂಪೆನಿಗಳಲ್ಲಿ ಇಷ್ಟು ಗಂಟೆ ಮೀರಿದರೆ ಈ ಕ್ಲಾಸ್ ಎಂಬ ನಿಯಮ ಬರೆದಿಟ್ಟಿರುತ್ತಾರೆ. ಇನ್ನು ಕೆಲವು ಕಡೆ ಹುದ್ದೆ ನೋಡಿ ಕೊಡುತ್ತಾರೆ. ಮೊದಲು ಟ್ರಾವೆಲ್ ಪಾಲಿಸಿ ಕೇಳಿ ಓದಿ. ನಮ್ಮವರಿಗೆ ಸಂಕೋಚ ಜಾಸ್ತಿ. "ಕೇಳಿದರೆ ಏನಂದುಕೊಳ್ಳುತ್ತಾರೋ" ಅಂತ ಸುಮ್ಮನಾಗಿಬಿಡುತ್ತೇವೆ. ಪಾಲಿಸಿಯಲ್ಲಿ ಇರುವುದನ್ನು ಕೇಳುವುದರಲ್ಲಿ ನಾಚಿಕೆ ಏನಿಲ್ಲ.

ಬಿಸಿನೆಸ್ ಕ್ಲಾಸ್ ಕೊಡುವುದಿಲ್ಲ ಅಂದರೆ ಅಲ್ಲಿಗೇ ಮಾತು ಮುಗಿಸಬೇಡಿ. ಬೇರೆ ಮೂರು ಸಂಗತಿಗಳನ್ನು ಕೇಳಬಹುದು. ಮೊದಲನೆಯದು, ಒಂದು ದಿನ ಮುಂಚೆ ಹೋಗುವ ಅನುಮತಿ. ಎರಡನೆಯದು, ಇಳಿದ ದಿನ ಬೆಳಿಗ್ಗೆಯೇ ಕೋಣೆ ಸಿಗುವ ಹಾಗೆ ಹಿಂದಿನ ರಾತ್ರಿಯಿಂದಲೇ ಹೋಟೆಲ್ ಬುಕಿಂಗ್. ಹೋಟೆಲಿನವರು ಸಾಮಾನ್ಯವಾಗಿ ಕೋಣೆ ಕೊಡುವುದು ಮಧ್ಯಾಹ್ನದ ಮೇಲೆ, ಏಳು ಗಂಟೆಗೆ ಇಳಿದವರು ಸೋಫಾದ ಮೇಲೆ ತೂಕಡಿಸುವುದು ಇದೇ ಕಾರಣಕ್ಕೆ. ಮೂರನೆಯದು, ಮುಖ್ಯ ಮೀಟಿಂಗನ್ನು ಮಧ್ಯಾಹ್ನಕ್ಕೋ ಮರುದಿನಕ್ಕೋ ಹಾಕಿಸುವುದು. ಇದಕ್ಕೆ ಒಂದು ಪೈಸೆಯೂ ಖರ್ಚಿಲ್ಲ. "ನನಗೆ ಸುಖ ಬೇಕು" ಅನ್ನುವ ಬದಲು "ಆ ಬೆಳಿಗ್ಗೆ ಗ್ರಾಹಕರ ಮುಂದೆ ನಾನು ಸರಿಯಾಗಿ ಮಾತನಾಡಬೇಕು" ಅಂದು ನೋಡಿ, ಮಾತಿಗೆ ತೂಕ ಬರುತ್ತದೆ.

ಒಂದು ವಿಷಯದಲ್ಲಿ ಮಾತ್ರ ರಾಜಿ ಬೇಡ. ಇಳಿದ ಕೂಡಲೇ ಬಾಡಿಗೆ ಕಾರು ತೆಗೆದುಕೊಂಡು ಓಡಿಸಬೇಡಿ. ನಿದ್ದೆಗೆಟ್ಟ ಕಣ್ಣು, ಗೊತ್ತಿಲ್ಲದ ರಸ್ತೆ, ಜರ್ಮನಿ ಅಮೆರಿಕಗಳಲ್ಲಾದರೆ ರಸ್ತೆಯ ಬಲಗಡೆ ಓಡಿಸುವ ಅಭ್ಯಾಸವಿಲ್ಲದ ಕೈ. ಇವು ಮೂರೂ ಸೇರಿದರೆ ಅಪಾಯ ದೂರವಿಲ್ಲ. ರಾತ್ರಿ ಎರಡಕ್ಕೆ ಮುಂಬಯಿಯಲ್ಲಿ ಇಳಿದು ಪುಣೆಯ ಎಕ್ಸ್‌ಪ್ರೆಸ್‌ವೇ ಹಿಡಿಯುವವರಿಗೂ ಇದೇ ಮಾತು. ಟ್ಯಾಕ್ಸಿ ಮಾಡಿ. ಚಾಲಕ ತೂಕಡಿಸುತ್ತಿದ್ದರೆ ಗಾಡಿ ನಿಲ್ಲಿಸಿ ಚಹಾ ಕುಡಿಸಿ, ಸ್ವಲ್ಪ ಹೊತ್ತು ಮಲಗಲು ಹೇಳಿ.

ವಿಮಾನ ಯಾವುದು ನೋಡಿ

ಒಂದೇ ಎಕಾನಮಿ ಎಲ್ಲ ವಿಮಾನಗಳಲ್ಲೂ ಒಂದೇ ಥರ ಇರುವುದಿಲ್ಲ. ಬುಕ್ ಮಾಡುವಾಗ ವಿಮಾನದ ಮಾದರಿ ಬರೆದಿರುತ್ತಾರೆ. ಏರ್‌ಬಸ್ ಎ330ರಲ್ಲಿ ಸಾಮಾನ್ಯವಾಗಿ ಎರಡು-ನಾಲ್ಕು-ಎರಡು ಸೀಟಿನ ಸಾಲು. ಕಿಟಕಿಯ ಬಳಿ ಕೂತರೆ ದಾಟಬೇಕಾದವರು ಒಬ್ಬರೇ. ಬೋಯಿಂಗ್ 787 ಮತ್ತು ಏರ್‌ಬಸ್ ಎ350ರಲ್ಲಿ ಸಾಲಿಗೆ ಒಂಬತ್ತು. ಬೋಯಿಂಗ್ 777ರಲ್ಲಿ ಈಗ ಹೆಚ್ಚಿನ ಕಂಪೆನಿಗಳು ಸಾಲಿಗೆ ಹತ್ತು ಸೀಟು ಹಾಕುತ್ತವೆ, ಅಗಲ 17 ಇಂಚಿಗೆ ಇಳಿಯುತ್ತದೆ.

ಗಾಳಿಯ ಒತ್ತಡವೂ ಬೇರೆ ಬೇರೆ. ಹಳೆಯ ಮಾದರಿಯ ವಿಮಾನಗಳಲ್ಲಿ ಒಳಗಿನ ಗಾಳಿ 8,000 ಅಡಿ ಎತ್ತರದ ಬೆಟ್ಟದ ಮೇಲಿನ ಗಾಳಿಯಷ್ಟು ತೆಳುವಾಗಬಹುದು. 787 ಮತ್ತು ಎ350ರಲ್ಲಿ ಅದು ಸುಮಾರು 6,000 ಅಡಿ. ನಮ್ಮ ಮುಳ್ಳಯ್ಯನಗಿರಿಯ ತುದಿ 6,300 ಅಡಿ ಚಿಲ್ಲರೆ. ಅಲ್ಲಿ ಕೂತ ಹಾಗೆ ಅಂದುಕೊಳ್ಳಿ. ಇಳಿದಾಗ ತಲೆ ಭಾರ ಸ್ವಲ್ಪ ಕಡಿಮೆ.

ಬಿಸಿನೆಸ್ ಕ್ಲಾಸಿಗೆ ದುಡ್ಡು ಕೊಡುವವರು ಇನ್ನೂ ಹುಷಾರಾಗಿರಬೇಕು. ಸೀಟು ಪೂರ್ತಿ ಚಪ್ಪಟೆಯಾಗುತ್ತದೆಯೇ, ಓರೆಯಾಗಿ ನಿಲ್ಲುತ್ತದೆಯೇ, ಬರೀ ಹಿಂದಕ್ಕೆ ಬಾಗುತ್ತದೆಯೇ? ಸಣ್ಣ ವಿಮಾನಗಳ ಬಿಸಿನೆಸ್ ಸೀಟುಗಳಲ್ಲಿ ಅನೇಕವು ಬಾಗುವ ಕುರ್ಚಿಗಳೇ. ಹಳೆಯ ವಿಮಾನಗಳಲ್ಲಿ ಪಕ್ಕದವರನ್ನು ದಾಟಿ ಹೋಗಬೇಕಾದ ಸಾಲುಗಳೂ ಇವೆ. ಮಂಚದ ದುಡ್ಡು ಕೊಟ್ಟು ಕುರ್ಚಿ ತೆಗೆದುಕೊಳ್ಳಬೇಡಿ.

ಕಾಲಿನ ಮಾತು

ಇದು ಎಲ್ಲ ಕ್ಲಾಸಿನವರೂ ಓದಬೇಕಾದದ್ದು. ತುಂಬಾ ಹೊತ್ತು ಅಲುಗಾಡದೆ ಕೂತರೆ ಕಾಲಿನ ಒಳಗಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಬಹುದು. ಆ ಹೆಪ್ಪು ಕಿತ್ತುಕೊಂಡು ಶ್ವಾಸಕೋಶಕ್ಕೆ ಹೋದರೆ ಜೀವಕ್ಕೇ ಅಪಾಯ. ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ನಾಲ್ಕು ಗಂಟೆ ಮೀರಿದ ಪ್ರಯಾಣದಲ್ಲಿ ಈ ಅಪಾಯ ಸುಮಾರು ಎರಡು ಪಟ್ಟಾಗುತ್ತದೆ. ಹಾಗೆಂದು ಹೆದರಬೇಕಿಲ್ಲ, ಆರೋಗ್ಯವಂತರಲ್ಲಿ ಇದು ಸರಿಸುಮಾರು 6,000 ಜನರಲ್ಲಿ ಒಬ್ಬರಿಗೆ ಬರುವಂಥದ್ದು.

ಇದನ್ನು "ಎಕಾನಮಿ ಕ್ಲಾಸ್ ಸಿಂಡ್ರೋಮ್" ಎಂದು ಕರೆಯುವುದುಂಟು. ಹೆಸರೇ ತಪ್ಪು. ಬಸ್ಸಿನಲ್ಲಿ, ರೈಲಿನಲ್ಲಿ, ಕಾರಿನಲ್ಲಿ ಕದಲದೆ ಕೂತವರಿಗೂ ಬರುತ್ತದೆ. ಬಿಸಿನೆಸ್ ಕ್ಲಾಸಿನವರಿಗೂ ವಿನಾಯಿತಿ ಇಲ್ಲ. ಈ ಹಿಂದೆ ಹೀಗೆ ರಕ್ತ ಹೆಪ್ಪುಗಟ್ಟಿದ್ದವರು, ಇತ್ತೀಚೆಗೆ ದೊಡ್ಡ ಆಪರೇಷನ್ ಆದವರು, ಗರ್ಭಿಣಿಯರು, ಗರ್ಭನಿರೋಧಕ ಮಾತ್ರೆ ತೆಗೆದುಕೊಳ್ಳುವವರು, ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು, ತೂಕ ಬಹಳ ಇರುವವರು ಟಿಕೆಟ್ಟಿಗೆ ಮುಂಚೆ ಡಾಕ್ಟರನ್ನು ಕಾಣಬೇಕು. ಇಂಥವರಿಗೆ ಓಡಾಡಲು ಸುಲಭವಾದ ಸೀಟು ಕೊಡಿಸುವುದು ಆಫೀಸಿನ ಕರ್ತವ್ಯ ಕೂಡ.

ಉಳಿದವರು ಗಂಟೆ ಎರಡು ಗಂಟೆಗೊಮ್ಮೆ ಎದ್ದು ಓಡಾಡಿ. ಕೂತಲ್ಲೇ ಪಾದ ಮೇಲೆ ಕೆಳಗೆ ಆಡಿಸಿ. ಮೊಣಕಾಲವರೆಗಿನ ಬಿಗಿ ಕಾಲುಚೀಲ ಹಾಕಿದರೆ ಪ್ರಯೋಜನವುಂಟು. ಕಾಲಿನ ಮುಂದೆ ಬ್ಯಾಗ್ ತುಂಬಿಕೊಳ್ಳಬೇಡಿ. ಎಕಾನಮಿಯಲ್ಲಿ ನಿದ್ದೆ ಮಾತ್ರೆ ನುಂಗಿ ಹೊರಳಾಡದೆ ಕೂತಲ್ಲೇ ಕೊರಡಾಗುವುದು ಒಳ್ಳೆಯದಲ್ಲ. ಪ್ರಯಾಣ ಮುಗಿದು ಕೆಲವು ದಿನ, ವಾರಗಳ ನಂತರವೂ ಒಂದೇ ಕಾಲು ಊದಿಕೊಂಡು ಮೀನಖಂಡ ನೋವಾದರೆ ಅಥವಾ ಇದ್ದಕ್ಕಿದ್ದಂತೆ ಉಸಿರು ಕಟ್ಟಿ ಎದೆ ನೋವು ಬಂದರೆ ತಡಮಾಡದೆ ಆಸ್ಪತ್ರೆಗೆ ಹೋಗಿ. ವಿಮಾನದಲ್ಲಿ ಹೋಗಿ ಬಂದೆ ಅನ್ನುವುದನ್ನು ಡಾಕ್ಟರಿಗೆ ಹೇಳಿ.

ಎಕಾನಮಿಯಲ್ಲೇ ಹೋಗುವುದಾದರೆ

ನಮ್ಮಲ್ಲಿ ಹೆಚ್ಚಿನವರ ಪಾಲಿಗೆ ಇದೇ. ಪರವಾಗಿಲ್ಲ, ಇದ್ದ ಹಾಸಿಗೆಯಲ್ಲೇ ಜಾಣತನದಿಂದ ಕಾಲು ಚಾಚೋಣ.

ರಾತ್ರಿ ವಿಮಾನವಾದರೆ ಊಟವನ್ನು ಮನೆಯಲ್ಲೋ ಏರ್‌ಪೋರ್ಟಿನಲ್ಲೋ ಮುಗಿಸಿ. ಹತ್ತಿದ ಕೂಡಲೇ ಕಣ್ಣುಪಟ್ಟಿ ಕಟ್ಟಿ, ಕಿವಿಗೆ ಪ್ಲಗ್ ಹಾಕಿ, ಸೀಟ್ ಬೆಲ್ಟನ್ನು ಹೊದಿಕೆಯ ಮೇಲೆ ಕಾಣುವಂತೆ ಬಿಗಿಯಿರಿ. ಬೆಲ್ಟ್ ನೋಡಲು ಯಾರೂ ಎಬ್ಬಿಸುವುದಿಲ್ಲ. ಊಟಕ್ಕೆ ಎಬ್ಬಿಸಬೇಡಿ ಎಂದು ಮೊದಲೇ ಹೇಳಿ. ಒಂದೂವರೆ ಗಂಟೆ ನಿದ್ದೆ ಲಾಭ.

ನಿದ್ದೆಯೇ ಮುಖ್ಯವಾದರೆ ಕಿಟಕಿ, ಗೋಡೆಗೆ ಒರಗಬಹುದು. ಪದೇ ಪದೇ ಏಳುವವರಿಗೆ ನಡುದಾರಿಯ ಪಕ್ಕ. ಶೌಚಾಲಯದ ಬಳಿಯ ಸಾಲು ಬೇಡ. ತುರ್ತು ಬಾಗಿಲಿನ ಸಾಲಿನಲ್ಲಿ ಕಾಲಿಗೆ ಜಾಗ ಧಾರಾಳ, ಆದರೆ ಟ್ರೇ ಕೈಯಾಸರೆಯೊಳಗೆ ಇರುವುದರಿಂದ ಸೀಟು ಇಕ್ಕಟ್ಟು. ಮುಂದೆ ಗೋಡೆ ಇರುವ ಸಾಲಿನಲ್ಲಿ ತೊಟ್ಟಿಲು ಹಾಕುತ್ತಾರೆ, ಪುಟ್ಟ ಕಂದಮ್ಮಗಳ ಸಂಗೀತ ಕೇಳಲು ಸಿದ್ಧರಾಗಿರಿ!

ಸಸ್ಯಾಹಾರಿಗಳು ಊಟವನ್ನು ಹೊರಡುವ ಎರಡು ದಿನ ಮುಂಚೆಯೇ ಹೇಳಿಡಿ. ಎವಿಎಂಎಲ್ ಅಂದರೆ ನಮ್ಮ ಕಡೆಯ ಸಸ್ಯಾಹಾರ. ವಿಜಿಎಂಎಲ್ ಎಂದು ಹಾಕಿದರೆ ಬಹಳ ಕಡೆ ಹಾಲು ಮೊಸರೂ ಇಲ್ಲದ ಊಟ ಬರುತ್ತದೆ. ಮೊಸರಿಲ್ಲದ ಊಟ ನಮಗೆ ಊಟವೇ? ಒಳಗಿನ ಗಾಳಿ ತೀರಾ ಒಣ, ಆದ್ದರಿಂದ ನೀರು ಆಗಾಗ ಗುಟುಕರಿಸಿ. ಬಿಟ್ಟಿ ಸಿಗುತ್ತದೆಂದು ಮದ್ಯ ಏರಿಸಿದರೆ ಸಿಗುವ ಅರೆ ನಿದ್ದೆಯೂ ಕೆಡುತ್ತದೆ.

ಕೊಟ್ಟ ಕ್ಲಾಸ್ ಸಿಗದಿದ್ದರೆ

ದುಡ್ಡು ಕೊಟ್ಟು ಬಿಸಿನೆಸ್ ಟಿಕೆಟ್ ಕೊಂಡಿರುತ್ತೀರಿ. ಕೌಂಟರಿನಲ್ಲಿ "ಸೀಟು ಕೆಟ್ಟಿದೆ, ಎಕಾನಮಿಯಲ್ಲಿ ಹೋಗಿ" ಅನ್ನುತ್ತಾರೆ. ಆಗ ಸುಮ್ಮನಿರಬೇಡಿ. 2023ರ ಫೆಬ್ರವರಿ 15ರಿಂದ ಜಾರಿಗೆ ಬಂದ ಡಿಜಿಸಿಎ ನಿಯಮದಂತೆ, ನಿಮ್ಮ ಒಪ್ಪಿಗೆಯಿಲ್ಲದೆ ಕೆಳಗಿನ ಕ್ಲಾಸಿಗೆ ಇಳಿಸಿದರೆ ದೇಶದೊಳಗಿನ ಹಾರಾಟಕ್ಕೆ ತೆರಿಗೆ ಸೇರಿ ಟಿಕೆಟ್ ಬೆಲೆಯ ಶೇಕಡಾ 75 ವಾಪಸು ಕೊಡಬೇಕು. ವಿದೇಶದ ಹಾರಾಟಕ್ಕೆ 1,500 ಕಿಲೋಮೀಟರಿನವರೆಗೆ ಶೇಕಡಾ 30, ಅಲ್ಲಿಂದ 3,500ರವರೆಗೆ ಶೇಕಡಾ 50, ಅದನ್ನು ಮೀರಿದರೆ ಶೇಕಡಾ 75. ಯುರೋಪು, ಅಮೆರಿಕ ಎಲ್ಲ ಕೊನೆಯ ಸಾಲಿಗೇ ಬರುತ್ತವೆ. ಇಳಿಸಿದ್ದನ್ನು ಕಾಗದದಲ್ಲಿ ಬರೆಸಿಕೊಳ್ಳಿ, ಹೊಸ ಬೋರ್ಡಿಂಗ್ ಪಾಸ್ ಜೊತೆಗೆ ಹಳೆಯ ಟಿಕೆಟ್ಟನ್ನೂ ಜೋಪಾನ ಮಾಡಿ.

ಕೊನೆಗೆ, ಫ್ರಿಜ್ಜಿನ ಮೇಲೆ ಅಂಟಿಸಿಕೊಳ್ಳಲು ನಾಲ್ಕು ಸಾಲು. ರಾತ್ರಿ ಹಾರಾಟ, ಬೆಳಿಗ್ಗೆ ಕೆಲಸ: ಮಂಚಕ್ಕೆ ದುಡ್ಡು ಹಾಕಿ, ಇಲ್ಲವೇ ಒಂದು ದಿನ ಮುಂಚೆ ಹೋಗಿ. ಹಗಲು ಹಾರಾಟ: ಕುರ್ಚಿ ಸಾಕು. ಹತ್ತು ಗಂಟೆ ಮೀರಿ, ಬೆನ್ನೋ ಮಂಡಿಯೋ ಹಟ ಮಾಡುವುದಾದರೆ: ಪ್ರೀಮಿಯಂ ಎಕಾನಮಿಯ ದರ ಒಮ್ಮೆ ನೋಡಿ. ಕ್ಲಾಸ್ ಯಾವುದೇ ಇರಲಿ: ಕಾಲು ಆಡಿಸುತ್ತಿರಿ, ಇಳಿದ ದಿನ ಸ್ಟೀರಿಂಗ್ ಮುಟ್ಟಬೇಡಿ.

ಪರದೇಶಕ್ಕೆ ಹೊರಟು ನಿಂತ ನಮ್ಮ ಎಲ್ಲ ಕೇಳುಗರಿಗೂ ಶುಭ ಪ್ರಯಾಣ. ಹೋಗಿ ಬನ್ನಿ, ಬಂದ ಮೇಲೆ ಒಳ್ಳೆಯ ನಿದ್ದೆ ಮಾಡಿ, ಆಮೇಲೆ ನಮ್ಮ ಕನ್ನಡದ ಹೊತ್ತಿಗೆ ರೇಡಿಯೋ ಹಾಕಿ. ಅಲ್ಲಿ ಸಿಗೋಣ.